ಓದೋ ಹಾಳೆ, ಓದದೇ ಇರೋ ಹಾಳೆ: ಕ್ಯಾನ್ಸಸ್‌ನ ಒಬ್ಬ ಮೆನೋನೈಟ್ ಅಜ್ಜಿಯ ಪ್ರಕರಣ

ಇದನ್ನ ಬರೀಲಾ ಅಂತ ಅಜ್ಜಿನೇ ಕೇಳಿದ್ದೆ. "ಹೆಸರು ಹಾಕ್ಬೇಡ, ಊರು ಹಾಕ್ಬೇಡ, ಉಳಿದಿದ್ದು ನಿನ್ನಿಷ್ಟ, ಹೆಂಗೂ ನಿಮ್ಮ ಭಾಷೆ ಇಲ್ಲಿ ಯಾರಿಗೂ ಓದೋಕೆ ಬರಲ್ಲ" ಅಂತ ನಕ್ಕು ಒಪ್ಪಿದ್ರು. ಹಾಗಾಗಿ ಗುರುತು ಹತ್ತೋ ವಿವರ ಎಲ್ಲ ಅಲ್ಪಸ್ವಲ್ಪ ಬದಲಿಸಿದೀನಿ.

ನಾನು ಹಾವೇರಿ ಕಡೆಯವಳು. ಮದುವೆಯಾಗಿ ಕ್ಯಾನ್ಸಸ್‌ಗೆ ಬಂದೆ, ಇಲ್ಲೇ ಸೋಶಿಯಲ್ ವರ್ಕ್ ಓದಿದೆ, ಈಗ ವಯಸ್ಸಾದವರು ಇರೋ ಒಂದು ಕೇಂದ್ರದಲ್ಲಿ ಕೆಲಸ. ವಿಚಿಟಾದಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ಕಾರಲ್ಲಿ ಹೋದ್ರೆ ನಮ್ಮ ಜಾಗ, ಸುತ್ತ ಎತ್ತ ನೋಡಿದ್ರೂ ಗೋಧಿ. ಇಲ್ಲಿರೋ ಅಜ್ಜ ಅಜ್ಜಿಯರಲ್ಲಿ ಮುಕ್ಕಾಲುವಾಸಿ ಜನ ಮೆನೋನೈಟರು, ಅಂದ್ರೆ ಒಂದು ಕ್ರೈಸ್ತ ಪಂಗಡದವರು. ಆ ಹೆಸರು ಕೇಳಿದ ಕೂಡಲೇ ನಮ್ಮವರು "ಓ, ಕುದುರೆ ಗಾಡಿ, ಕರೆಂಟ್ ಇಲ್ಲದ ಮನೆ, ಆ ಜನ ಅಲ್ವಾ" ಅಂತಾರೆ. ಅದು ಆಮಿಶ್ ಕಣ್ರೀ. ಮೂಲ ಒಂದೇ ಆದ್ರೂ ದಾರಿ ಬೇರೆ. ನಮ್ಮ ಈ ಅಜ್ಜಿ ಎಂಬತ್ತು ದಾಟೋ ತನಕ ಪಿಕಪ್ ಓಡಿಸಿದವರು, ಸುಗ್ಗಿ ಟೈಮಲ್ಲಿ ಗೋಧಿ ತುಂಬಿದ ಲಾರಿನೂ ಓಡಿಸ್ತಿದ್ರು.

ಕೇಸ್ ನನ್ನ ಹತ್ರ ಬಂದಿದ್ದು 2022ರ ಚಳಿಗಾಲದಲ್ಲಿ. ಅಜ್ಜಿಗೆ ಆಗ 91. ಹಾರ್ಟ್ ವೀಕು, ಕಾಲು ಊತ, ಆದ್ರೆ ತಲೆ ಮಾತ್ರ ನನಗಿಂತ ಚುರುಕು. ಗಂಡ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ನರ್ಸ್ ಬರೆದಿದ್ದ ನೋಟ್ ಇಷ್ಟೇ: ಮನೆಯವರು ನೋಡಿ ಹೋದ ದಿನ ರಾತ್ರಿ ನಿದ್ದೆ ಮಾಡ್ತಿಲ್ಲ, ಯಾವುದೋ ಪೇಪರ್ ವಿಷಯಕ್ಕೆ ಮಗ ಮೊಮ್ಮಗಳ ಮಧ್ಯೆ ಜಗಳ, ದಯವಿಟ್ಟು ನೋಡಿ. ಪೇಪರ್ ಅಂದ ಮೇಲೆ ಆಸ್ತಿನೇ ಇರ್ಬೇಕು ಅನ್ಕೊಂಡೆ. ನಮ್ಮ ಕಡೆ ಬೇರೆ ಏನಿರುತ್ತೆ ಹೇಳಿ. ಆಸ್ತಿ ಅಲ್ಲ, ಲೇಬೆನ್ಸ್‌ಲೌಫ್ ಅಂತೆ.

ಅಂದ್ರೆ ಏನು ಅಂತ ನಂಗೂ ಗೊತ್ತಿರ್ಲಿಲ್ಲ. ಜರ್ಮನ್ ಪದ, ಬಾಳಿನ ಓಟ ಅಂತ ಅರ್ಥ. ಈ ಜನರಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆಯೋವಾಗ ಸತ್ತವರ ಜೀವನದ ಚಿಕ್ಕ ವೃತ್ತಾಂತ ಒಂದನ್ನ ಚರ್ಚಲ್ಲಿ ಗಟ್ಟಿಯಾಗಿ ಓದ್ತಾರೆ. ಎಲ್ಲಿ ಹುಟ್ಟಿದ್ದು, ಯಾವಾಗ ದೀಕ್ಷಾಸ್ನಾನ, ಯಾರ ಜೊತೆ ಮದುವೆ, ಎಷ್ಟು ಮಕ್ಕಳು, ಎಷ್ಟು ಮೊಮ್ಮಕ್ಕಳು, ಯಾರು ಮೊದಲೇ ಹೋದ್ರು, ಇಂಥದ್ದು. ಎಷ್ಟೋ ಜನ ಬದುಕಿದ್ದಾಗಲೇ ತಾವೇ ಬರೆದಿಟ್ಟಿರ್ತಾರೆ, ಸತ್ತ ತಾರೀಖಿನ ಜಾಗ ಮಾತ್ರ ಖಾಲಿ. ಇವತ್ತು ಜರ್ಮನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕೋ ರೆಸ್ಯೂಮೆಗೂ ಇದೇ ಪದ ಬಳಸ್ತಾರಂತೆ, ಅದು ಗೊತ್ತಾದಾಗ ನಂಗೆ ನಗು ತಡೆಯೋಕಾಗಲಿಲ್ಲ. ಅಜ್ಜಿಗೂ ಹೇಳಿದೆ. "ಹಾಗಾದ್ರೆ ಇಂಟರ್ವ್ಯೂ ಒಂದು ಬಾಕಿ ಇದೆ" ಅಂದ್ರು ಮೇಲೆ ಬೆರಳು ತೋರಿಸಿ.

ಅಜ್ಜಿ ಬರೆದಿದ್ದು ಒಂದೇ ಹಾಳೆ, ಪೆನ್ಸಿಲ್‌ನಲ್ಲಿ, ದುಂಡಗಿನ ಟೀಚರ್ ಅಕ್ಷರ. ಟೀಚರ್ ಆಗಿದ್ದ ಐದು ವರ್ಷಕ್ಕೆ ಒಂದು ಸಾಲು. ಆಮೇಲಿನ ಅರವತ್ತು ವರ್ಷಕ್ಕೆ "ಮನೆ ನೋಡಿಕೊಂಡಳು" ಅಂತ ಇನ್ನೊಂದು ಸಾಲು. ಜಗಳ ಇದ್ದಿದ್ದು ಅಲ್ಲಿ. ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಓದ್ತಿರೋಳು, ಓಮಾ ಅಂದ್ರೆ ಪ್ರಾಣ (ಇವರಲ್ಲಿ ಅಜ್ಜಿಗೆ ಓಮಾ ಅಂತಾರೆ). "ಓಮಾ, ಇದು ನಿನ್ನ ಜೀವನ ಅಲ್ಲ, ಯಾವ ಹೆಂಗಸಿನದ್ದಾದ್ರೂ ಆಗಬಹುದು" ಅಂತ ಅವಳ ವಾದ. ಅವಳ ಕೈಗೆ ಅಜ್ಜಿಯ ಹಳೇ ಲೆಕ್ಕದ ಪುಸ್ತಕಗಳು ಬೇರೆ ಸಿಕ್ಕಿದ್ವು, ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಮಗ, ಅಂದ್ರೆ ಈಗ ಹೊಲ ಮಾಡ್ತಿರೋನು, "ಅಮ್ಮ ಬರೆದಿದ್ದು ಅಮ್ಮಂದು, ನೀನ್ಯಾರು ತಿದ್ದೋಕೆ" ಅಂತಿದ್ದ. ಇಬ್ಬರಿಗೂ ಅಜ್ಜಿ ಮೇಲೆ ಪ್ರೀತಿ ಇದ್ದಿದ್ದಕ್ಕೇ ಜಗಳ ಜೋರು.

ಮೊದಲ ಭೇಟಿ ಶುರುವಾಗಿದ್ದೇ ವಿಚಿತ್ರವಾಗಿ. ನಾನು ಇಂಡಿಯಾದವಳು ಅಂದ ಕೂಡಲೇ ಅಜ್ಜಿ ಕೇಳಿದ್ದು, "ಚಾಂಪಾ ನಿಮ್ಮೂರಿಂದ ಎಷ್ಟು ದೂರ?" ನಾನು ಕಕ್ಕಾಬಿಕ್ಕಿ. ತಾಜಮಹಲು ಕೇಳೋರನ್ನ ನೋಡಿದೀನಿ, ಕರಿ ಕೇಳೋರನ್ನ ನೋಡಿದೀನಿ, ಚಾಂಪಾ ಕೇಳಿದವರು ಇವರೊಬ್ಬರೇ. ಈಗಿನ ಛತ್ತೀಸ್‌ಗಢದ ಚಾಂಪಾ. 1900ರ ದಶಕದ ಶುರುವಲ್ಲೇ ಇವರ ಮಿಷನ್ನಿನವರು ಅಲ್ಲಿ ಹೋಗಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ರು. ಅಜ್ಜಿ ಆರೇಳು ವರ್ಷದ ಹುಡುಗಿ ಇದ್ದಾಗ ಚರ್ಚಿನ ಹೊಲಿಗೆ ಸಂಘಕ್ಕೆ ಅಮ್ಮನ ಜೊತೆ ಹೋಗಿ, ಹಳೇ ಬೆಡ್‌ಶೀಟ್ ಉದ್ದುದ್ದ ಹರಿದು, ಸುತ್ತಿ ಸುತ್ತಿ ಬ್ಯಾಂಡೇಜ್ ಉಂಡೆ ಮಾಡ್ತಿದ್ರಂತೆ, ಅದು ಹಡಗಲ್ಲಿ ಚಾಂಪಾಗೆ. ಮೆನೋನೈಟರದ್ದೇ ಇನ್ನೊಂದು ಪಂಗಡದವರು ನಮ್ಮ ರಾಯಚೂರಿಗೆ ಅಂಟಿಕೊಂಡೇ ಇರೋ ಮಹಬೂಬ್‌ನಗರ ಸೀಮೆಯಲ್ಲಿ ಕೆಲಸ ಮಾಡಿದವರು, ಆ ವಿಷಯ ನಂಗೆ ಗೊತ್ತಾಗಿದ್ದೇ ಇಲ್ಲಿಗೆ ಬಂದ ಮೇಲೆ. ಇಂಡಿಯಾ ಅಂದ್ರೆ ಅಜ್ಜಿ ತಲೆಯಲ್ಲಿ ಇದ್ದಿದ್ದು ಬ್ಯಾಂಡೇಜ್ ಬಟ್ಟೆ. ಮ್ಯಾಪ್ ತೆಗೆದು ಹಾವೇರಿ ತೋರಿಸಿದೆ, ಬೆರಳಲ್ಲಿ ಅಳೆದು ನೋಡಿ "ಪಾಪ, ನಿಂಗೂ ದೂರನೇ" ಅಂದ್ರು.

ಹಿನ್ನೆಲೆ ಸ್ವಲ್ಪ ಹೇಳಲೇಬೇಕು, ಇಲ್ಲಾಂದ್ರೆ ಅಜ್ಜಿಯ ಹಟ ಅರ್ಥ ಆಗಲ್ಲ.

1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು, ಹಸುಗೂಸಿಗೆ ಮಾಡೋ ದೀಕ್ಷಾಸ್ನಾನ ಒಪ್ಪಲ್ಲ, ದೊಡ್ಡವರಾಗಿ ತಿಳಿದು ಒಪ್ಪಿಕೊಂಡ ಮೇಲೇ ಅದು, ಅಂತ ಎದ್ದು ನಿಂತ್ರು. ಅದಕ್ಕೆ ಮುಳುಗಿಸಿ ಸಾಯಿಸಿದ್ರು, ಸುಟ್ಟರು. ಮೆನ್ನೋ ಸೈಮನ್ಸ್ ಅನ್ನೋ ಡಚ್ ಪಾದ್ರಿ 1536ರಲ್ಲಿ ತನ್ನ ಹಳೇ ಸಭೆ ಬಿಟ್ಟು ಇವರ ಕಡೆ ಬಂದ, ಅವನ ಹೆಸರೇ ಇವರಿಗೆ ನಿಂತಿತು. ಆಯುಧ ಹಿಡಿಯಲ್ಲ, ಆಣೆ ಇಡಲ್ಲ, ಕೋರ್ಟಲ್ಲೂ "ಹೌದು ಅಂತ ದೃಢಪಡಿಸ್ತೀನಿ" ಅಂತಾರೆ ಹೊರತು ಆಣೆ ಇಲ್ಲ. ಅಜ್ಜಿಯ ಕಡೆಯವರು ಹಾಲೆಂಡ್ ಬಿಟ್ಟು ವಿಸ್ಟುಲಾ ನದಿ ಬಯಲಿಗೆ, ಅಲ್ಲಿಂದ ಈಗಿನ ಯುಕ್ರೇನಿನ ಮೊಲೋಚ್ನಾ ಅನ್ನೋ ಹೊಸ ವಸಾಹತಿಗೆ (ಅದು ಶುರುವಾಗಿದ್ದು 1804ರಲ್ಲಿ), ಅಲ್ಲಿ ರಷ್ಯಾದ ಚಕ್ರವರ್ತಿ ಸೈನ್ಯಕ್ಕೆ ಸೇರೋದರಿಂದ ಕೊಟ್ಟಿದ್ದ ವಿನಾಯಿತಿ ತೆಗೆಯೋಕೆ ಹೊರಟಾಗ ಅಮೆರಿಕಕ್ಕೆ. 1874ರಲ್ಲಿ ಅಲೆಕ್ಸಾಂಡರ್‌ವೋಲ್ ಅನ್ನೋ ಊರಂತೂ ಹೆಚ್ಚುಕಮ್ಮಿ ಊರಿಗೆ ಊರೇ ಎದ್ದು, ಸಿಂಬ್ರಿಯಾ, ಟ್ಯೂಟೋನಿಯಾ ಅನ್ನೋ ಎರಡು ಹಡಗು ಹತ್ತಿ ಬಂದು ಕ್ಯಾನ್ಸಸ್‌ನಲ್ಲಿ ಸ್ಯಾಂಟಾ ಫೆ ರೈಲ್ವೆಯವರು ಮಾರ್ತಿದ್ದ ಜಮೀನು ತಗೊಂಡು ಕೂತಿತು. ಅಜ್ಜಿಯ ತಾತ ಆ ವರ್ಷ ಬಂದ ಆರು ವರ್ಷದ ಹುಡುಗ. ಟರ್ಕಿ ರೆಡ್ ಅನ್ನೋ ಗಟ್ಟಿ ಗೋಧಿ ಇವರ ಜೊತೆ ಬಂತು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಮ್ಮ ಹಿಂಗಾರಿ ಥರ ಮಳೆಗಾಲ ಮುಗಿದ ಮೇಲೆ ಬಿತ್ತೋದು, ಹಿಮದಡಿ ಮಲಗಿ ಎದ್ದು ಜೂನ್‌ನಲ್ಲಿ ಕೊಯ್ಲಿಗೆ ಬರುತ್ತೆ. ಕ್ಯಾನ್ಸಸ್ ಗೋಧಿ ಅಂತ ಈಗ ಹೆಸರಿರೋದಕ್ಕೆ ಆ ಬೀಜದ ಪಾಲು ದೊಡ್ಡದು.

ಇನ್ನೊಂದು ವಿಷಯ 1918ರದ್ದು. ಮೊದಲ ಮಹಾಯುದ್ಧ, ಇವರೋ ಜರ್ಮನ್ ಮಾತಾಡೋ ಜನ, ಮೇಲೆ ಯುದ್ಧಕ್ಕೂ ಬರಲ್ಲ ಅಂತಾರೆ. ಯುದ್ಧದ ಬಾಂಡ್ ಕೊಳ್ಳದವರ ಮನೆಗೆ, ಚರ್ಚಿಗೆ ಹಳದಿ ಬಣ್ಣ ಬಳಿದ್ರು (ಇಲ್ಲಿ ಹಳದಿ ಅಂದ್ರೆ ಹೇಡಿ ಅಂತ). ಜಾನ್ ಶ್ರಾಗ್ ಅನ್ನೋ ರೈತನ್ನ ನವೆಂಬರ್ 11ರಂದು, ಯುದ್ಧ ಮುಗಿದ ದಿನವೇ, ಬರ್ಟನ್ ಅನ್ನೋ ಊರಿಗೆ ಎಳ್ಕೊಂಡು ಹೋಗಿ ಮೈಗೇ ಹಳದಿ ಬಣ್ಣ ಬಳಿದು ನೇಣು ಹಾಕೋ ತನಕ ಬಂದಿದ್ರು, ಹೇಗೋ ಉಳಿದ. ಅಜ್ಜಿಯ ಅಪ್ಪನಿಗೆ ಆಗ ಹದಿನೆಂಟು. ಆ ಮನುಷ್ಯ ಸಾಯೋ ತನಕ ಮನೆಯಲ್ಲಿ ಹಳದಿ ಬಣ್ಣದ ಡಬ್ಬಿ ಇಡೋಕೆ ಬಿಡಲಿಲ್ಲವಂತೆ, ಅಡುಗೆಮನೆಗೆ ಹಳದಿ ಹೊಡೀಬೇಕು ಅಂತ ಹೆಂಡತಿಗೆ ಎಷ್ಟು ಆಸೆ ಇದ್ರೂ.

ಅಜ್ಜಿ ಹುಟ್ಟಿದ್ದು 1931. ನಾಲ್ಕು ವರ್ಷ ಇದ್ದಾಗ ಧೂಳಿನ ಬಿರುಗಾಳಿಗಳು, 1935ರ ಏಪ್ರಿಲ್ 14ರ ಕಪ್ಪು ಭಾನುವಾರ ಅಂತ ಇಲ್ಲಿ ಪುಸ್ತಕದಲ್ಲೆಲ್ಲ ಬರುತ್ತಲ್ಲ ಆ ಕಾಲ. ಅಮ್ಮ ಕಿಟಕಿಗೆ ಒದ್ದೆ ಬಟ್ಟೆ ಕಟ್ತಿದ್ದಿದ್ದು, ಊಟಕ್ಕೆ ಕೂರೋ ತನಕ ತಟ್ಟೆ ಬೋರಲು ಹಾಕಿಡ್ತಿದ್ದಿದ್ದು ನೆನಪಿದೆ. ಮನೆಯಲ್ಲಿ ಪ್ಲಾಟ್‌ಡೀಚ್ ಅನ್ನೋ ಆಡುಜರ್ಮನ್, ಚರ್ಚಲ್ಲಿ ಶುದ್ಧ ಜರ್ಮನ್, ಶಾಲೆಗೆ ಹೋದ ದಿನ ಇಂಗ್ಲಿಷ್. ಆರನೇ ವಯಸ್ಸಿಗೆ ಮೂರು ಭಾಷೆ, ನಮ್ಮ ಬೆಳಗಾವಿ ಮಕ್ಕಳ ಥರ. ಎರಡನೇ ಮಹಾಯುದ್ಧ ಬಂದಾಗ ಅಣ್ಣ ಬಂದೂಕು ಹಿಡಿಯಲ್ಲ ಅಂದ. ಹಾಗಂದವರಿಗೆ ಅಂತ 1941ರಿಂದ 1947ರ ತನಕ ಸರ್ಕಾರ ಬೇರೆ ಸೇವೆ ಇಟ್ಟಿತ್ತು, ಸಂಬಳ ಇಲ್ಲ, ಖರ್ಚು ಚರ್ಚುಗಳದ್ದು, ಸುಮಾರು 12,000 ಗಂಡಸರು ಹೋದ್ರು. ಅಣ್ಣ ಹುಚ್ಚಾಸ್ಪತ್ರೆ ಒಂದರಲ್ಲಿ ವಾರ್ಡ್ ಹುಡುಗ. ಅಲ್ಲಿ ಕಟ್ಟಿಹಾಕಿದ ರೋಗಿಗಳನ್ನ ನೋಡಿ ಬಂದ ಎಷ್ಟೋ ಹುಡುಗರ ಮಾತಿಂದಲೇ ಆಮೇಲೆ ಮೆನೋನೈಟರು ತಮ್ಮದೇ ಮಾನಸಿಕ ಆಸ್ಪತ್ರೆ ತೆಗೆದ್ರು, ಇಲ್ಲೇ ನ್ಯೂಟನ್ ಅನ್ನೋ ಊರಿನ ಪ್ರೇರೀ ವ್ಯೂ 1954ರದ್ದು. ಅಣ್ಣ ಬರೆಯೋ ಕಾಗದ ಅಮ್ಮ ಮಕ್ಕಳಿಗೆ ಪೂರ್ತಿ ಓದ್ತಿರಲಿಲ್ಲ, ಅರ್ಧ ಓದಿ ಮಡಚಿಡ್ತಿದ್ರು. ಈ ಅರ್ಧ ಓದಿ ಮಡಚಿಡೋದು ನೆನಪಿರಲಿ.

1948ರಿಂದ ಎರಡು ವರ್ಷ ಕಾಲೇಜು, 1950ರಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಟೀಚರ್. ಒಂದೇ ರೂಮಿನ ಹಳ್ಳಿ ಶಾಲೆ, ಒಂದರಿಂದ ಎಂಟನೇ ಕ್ಲಾಸಿನ ತನಕ ಎಲ್ಲ ಅಲ್ಲೇ, ಒಟ್ಟು ಹತ್ತೊಂಬತ್ತು ಮಕ್ಕಳು. "ಟೀಚರ್‌ಗೂ ಹತ್ತೊಂಬತ್ತು, ಮಕ್ಕಳೂ ಹತ್ತೊಂಬತ್ತು, ಯಾರು ಯಾರಿಗೆ ಹೆದರಬೇಕು ಅಂತ ಒಂದು ವಾರ ಗೊತ್ತಾಗಲಿಲ್ಲ." ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಒಲೆ ಹಚ್ಚೋದು, ಪಂಪಿಂದ ನೀರು ಹೊರೋದು, ಕಸ ಹೊಡೆಯೋದು, ಆಮೇಲೆ ಪಾಠ. ಒಂದು ಕ್ಲಾಸಿನವರನ್ನ ಮುಂದಿನ ಬೆಂಚಿಗೆ ಕರೆದು ಹತ್ತು ನಿಮಿಷ ಪಾಠ ಒಪ್ಪಿಸಿಕೊಂಡು, ಅವರು ವಾಪಸ್ ಹೋಗೋ ಹೊತ್ತಿಗೆ ಇನ್ನೊಂದು ಕ್ಲಾಸು, ಚಿಕ್ಕವರಿಗೆ ದೊಡ್ಡವರು ಓದಿಸೋದು. ಈ ವಿಷಯ ಮಾತಾಡುವಾಗ ಅಜ್ಜಿಯ ಕೈ ತಾನಾಗೇ ಎದ್ದು ಬೋರ್ಡಿನ ಮೇಲೆ ಬರೆಯೋ ಹಂಗೆ ಆಡುತ್ತೆ, ಅವರಿಗೆ ಅದು ಗೊತ್ತೇ ಇಲ್ಲ.

ಶಾಲೆ ಸರ್ಕಾರದ್ದು, ಮಕ್ಕಳಲ್ಲಿ ಅರ್ಧ ಮೆನೋನೈಟ್, ಇನ್ನರ್ಧ "ಇಂಗ್ಲಿಷ್"ನೋರು, ಅಂದ್ರೆ ತಮ್ಮವರಲ್ಲದ ಎಲ್ಲರೂ ಇವರ ಬಾಯಲ್ಲಿ ಇಂಗ್ಲಿಷ್‌ನೋರೇ. ಆಗ ಕೊರಿಯಾ ಯುದ್ಧ. ಒಬ್ಬ ಹುಡುಗಿಯ ಅಣ್ಣ ಅಲ್ಲಿ ಸೈನಿಕ. ಆ ಹುಡುಗಿಯ ಅಪ್ಪ ಮೊದಲ ದಿನ ಬಾಗಿಲಲ್ಲಿ ನಿಂತು "ನಿಮ್ಮಣ್ಣ ಯುದ್ಧದಲ್ಲಿ ಎಲ್ಲಿದ್ದ ಮಿಸ್?" ಅಂತ ಕೇಳಿದ್ನಂತೆ, ಇವರು ಇದ್ದಿದ್ದು ಇದ್ದ ಹಾಗೆ ಹೇಳಿದ್ರು, ಅವನು ಟೋಪಿ ಹಾಕ್ಕೊಂಡು ಹೋದೋನು ಐದು ವರ್ಷದಲ್ಲಿ ಒಂದು ಮಾತು ಆಡಲಿಲ್ಲ. ಮಗಳು ಮಾತ್ರ ಇಡೀ ಶಾಲೆಯಲ್ಲೇ ಚೆನ್ನಾಗಿ ಓದೋಳು. ಕೊನೆಗಾದ್ರೂ ಮಾತಾಡಿದ್ನಾ ಅಂತ ಕೇಳಿದೆ. "ಇಲ್ಲ, ಯಾಕೆ ಆಡ್ಬೇಕು?" ಅಂದ್ರು. ದಿನಾ ಬೆಳಗ್ಗೆ ಬಾವುಟಕ್ಕೆ ಮಕ್ಕಳ ಕೈಲಿ ನಿಷ್ಠೆಯ ಮಾತು ಹೇಳಿಸ್ಬೇಕಿತ್ತು, ಆಣೆ ಇಡಬಾರದು ಅನ್ನೋ ಮನೆಯಿಂದ ಬಂದ ಈ ಟೀಚರ್ ಹುಡುಗಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ತಿತ್ತು. 1954ರ ಜೂನಲ್ಲಿ ಆ ಮಾತಿಗೆ ದೇವರ ಹೆಸರು ಸೇರಿಸಿದ್ರು, ಆ ಸೆಪ್ಟೆಂಬರಲ್ಲಿ ಹತ್ತೊಂಬತ್ತು ನಾಲಿಗೆಗೆ ಹೊಸ ಸಾಲು ಕೂರಿಸೋಕೆ ಎರಡು ವಾರ ಹಿಡೀತಂತೆ. "ನಾನು ತುಟಿ ಅಲ್ಲಾಡಿಸ್ತಿದ್ದೆ. ದೇವರು ಬಂದ ಮೇಲೂ ತುಟಿನೇ."

1953ರಲ್ಲಿ ಮದುವೆ, ಆದ್ರೂ ಕೆಲಸ ಉಳೀತು, ಟೀಚರ್‌ಗಳ ಬರ ಇದ್ದ ಕಾಲ. 1955ರ ಮಾರ್ಚಲ್ಲಿ ಹೊಟ್ಟೆ ಕಾಣೋಕೆ ಶುರುವಾಯ್ತು, ಶಾಲಾ ಮಂಡಳಿಯ ಮೂರು ಜನ ಗಂಡಸರು ಸಂಜೆ ಮನೆಗೆ ಬಂದು ಕಾಫಿ ಕುಡಿದು, ಗೋಧಿ ಬೆಲೆ ಮಾತಾಡಿ, ಹೊರಡೋವಾಗ "ಇನ್ನು ನೀವು ರೆಸ್ಟ್ ತಗೊಳ್ಳಿ" ಅಂದ್ರು. ಅಷ್ಟೇ. ಗರ್ಭಿಣಿ ಟೀಚರನ್ನ ಹೀಗೆ ಇಂತಿಷ್ಟು ತಿಂಗಳಿಗೆ ಮನೆಗೆ ಕಳಿಸ್ಲೇಬೇಕು ಅನ್ನೋ ನಿಯಮ ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1974ರಲ್ಲಿ, ಅಷ್ಟು ಹೊತ್ತಿಗೆ ಆ ಹೊಟ್ಟೆಯಲ್ಲಿದ್ದ ಮಗು ಹೈಸ್ಕೂಲ್ ಮುಗಿಸಿಯಾಗಿತ್ತು.

ನನ್ನ ಮೊದಲ ತಪ್ಪು ಇಲ್ಲೇ ಆಗಿದ್ದು. ಕೆಲಸ ಕಿತ್ಕೊಂಡ್ರು, ಅದೇ ಈ ಹೆಂಗಸಿನ ದೊಡ್ಡ ನೋವು, ಅದನ್ನ ನುಂಗಿಕೊಂಡಿದ್ದಾರೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ನೋಟ್ಸಲ್ಲಿ ಹಾಗೇ ಬರೆದೂ ಬರೆದೆ. ಎರಡನೇ ಭೇಟಿಯಲ್ಲಿ ಅದನ್ನೇ ನಯವಾಗಿ ತೆಗೆದೆ. ಅಜ್ಜಿ ಸ್ವಲ್ಪ ಹೊತ್ತು ನನ್ನೇ ನೋಡಿದ್ರು, ತಪ್ಪು ಲೆಕ್ಕ ಮಾಡಿದ ಹುಡುಗನ್ನ ನೋಡೋ ಹಂಗೆ. "ಬೇಜಾರಾಯ್ತು. ಒಂದು ವರ್ಷ ಆಯ್ತು. ಆಮೇಲೆ ಮೂರು ಮಕ್ಕಳು, ನಾನೂರು ಕೋಳಿ, ಬೇಜಾರು ಮಾಡ್ಕೊಳ್ಳೋಕೆ ಕೂರೋ ಜಾಗ ಎಲ್ಲಿತ್ತು?" ನೋವಾಗಿದ್ದು ಶಾಲೆ ಕಟ್ಟಡದ್ದಂತೆ. ಚಿಕ್ಕ ಶಾಲೆಗಳನ್ನ ಒಂದೊಂದಾಗಿ ಮುಚ್ಚಿ ಟೌನಿಗೆ ಸೇರಿಸ್ತಿದ್ದ ಕಾಲ ಅದು. ಇವರದ್ದೂ ಮುಚ್ಚಿತು, ಹರಾಜಾಯ್ತು, ಪಕ್ಕದ ಹೊಲದವನು ಕೊಂಡು, ಕಟ್ಟಡನ ಹಂಗೇ ಎತ್ತಿ ಎಳೆಸಿಕೊಂಡು ಹೋಗಿ ಗೋಧಿ ತುಂಬೋಕೆ ಇಟ್ಟುಕೊಂಡ. ಒಂದ್ಸಲ ಏನೋ ಕೇಳೋಕೆ ಅಂತ ಇವರು ಒಳಗೆ ಹೋದ್ರೆ ಬೋರ್ಡ್ ಇನ್ನೂ ಗೋಡೆಯಲ್ಲೇ, ಅದರ ಮೇಲೆ ಚಾಕ್‌ಪೀಸಲ್ಲಿ ಬೀಜದ ಲೆಕ್ಕ. ಕೂಡಿಸಿದ್ದು ತಪ್ಪಿತ್ತು. ಸುಮ್ಮನಿರೋಕಾಗದೆ ತಿದ್ದಿ ಬಂದ್ರಂತೆ.

"ಮನೆ ನೋಡಿಕೊಂಡಳು" ಅನ್ನೋ ಸಾಲಿನೊಳಗೆ ಏನೇನಿತ್ತು ಅಂತ ಕೇಳ್ತಾ ಹೋದ್ರೆ ನನ್ನ ನೋಟ್‌ಬುಕ್ ಸಾಲಲಿಲ್ಲ. ಕೋಳಿ ಮೊಟ್ಟೆ, ಹಾಲಿನ ಕೆನೆ ಮಾರಿದ ದುಡ್ಡು ಹೆಂಗಸಿನದ್ದು, ಅದರಲ್ಲೇ ಸಕ್ಕರೆ, ಕಾಫಿ, ಮಕ್ಕಳ ಶೂ. ಚಳಿಗಾಲದಲ್ಲಿ ನಾಲ್ಕು ಮನೆಯವರು ಸೇರಿ ಹಂದಿ ಕಡಿಯೋ ದಿನ, ಅದು ನಮ್ಮ ಹಬ್ಬಕ್ಕಿಂತ ದೊಡ್ಡ ಗಲಾಟೆ. ಶನಿವಾರ ಜ್ವೀಬಾಕ್, ಒಂದು ಉಂಡೆ ಮೇಲೆ ಇನ್ನೊಂದು ಚಿಕ್ಕ ಉಂಡೆ ಕೂರಿಸಿದ ಬೆಣ್ಣೆ ಬನ್ನು, ಲೆಕ್ಕ ಇಲ್ಲದಷ್ಟು. ಯಾಕಂದ್ರೆ ಭಾನುವಾರ ಮಧ್ಯಾಹ್ನ ಫಾಸ್ಪಾ, ಯಾರು ಬೇಕಾದ್ರೂ ಹೇಳದೆ ಕೇಳದೆ ಬರಬಹುದು, ಬನ್ನು, ತಣ್ಣನೆ ಮಾಂಸ, ಚೀಸು, ಜಾಮು, ಕಾಫಿ ಇಷ್ಟೇ, ಭಾನುವಾರ ಒಲೆ ಮುಂದೆ ನಿಲ್ಲಬಾರದು ಅಂತ ಉಪಾಯ. ಗಿಣ್ಣಿನಂಥ ಹೂರಣ ತುಂಬಿ ಬೇಯಿಸೋ ವೆರೆನಿಕೆ ಅನ್ನೋದು ಮಾಡಿದ್ರೆ ಥೇಟ್ ನಮ್ಮ ಕಡುಬೇ, ಅಂಚು ಒತ್ತೋ ರೀತಿನೂ ಅದೇ. ನಾನು ಒತ್ತಿ ತೋರಿಸಿದಾಗ ಅಜ್ಜಿಗೆ ಅನುಮಾನ ಬಂತು, ಇವಳಿಗೆ ಯಾರು ಹೇಳಿಕೊಟ್ಟರು ಅಂತ. ಜೂನ್ ಕೊಯ್ಲಲ್ಲಿ ಹೊಲಕ್ಕೆ ಹೊತ್ತೊಯ್ಯೋ ಊಟ, ಊಟ ಇಳಿಸಿ ಅದೇ ಕೈಯಲ್ಲಿ ಲಾರಿ ಹತ್ತಿ ಎಲಿವೇಟರ್‌ಗೆ (ಧಾನ್ಯ ತುಂಬಿಡೋ ದೊಡ್ಡ ಗೋದಾಮು) ಗೋಧಿ ಸುರಿದು ಬರೋದು. ಚರ್ಚಿನ ಹೊಲಿಗೆ ಸಂಘ, 1920ರಲ್ಲಿ ಶುರುವಾದ ಮೆನೋನೈಟ್ ಸೆಂಟ್ರಲ್ ಕಮಿಟಿ ಅನ್ನೋ ಇವರ ಪರಿಹಾರ ಸಂಸ್ಥೆಗೆ ಕಳಿಸೋ ಕಂಬಳಿ, ಪ್ರತಿ ಏಪ್ರಿಲ್‌ನಲ್ಲಿ ಹಚಿನ್‌ಸನ್‌ನಲ್ಲಿ ಬಡವರ ಸಹಾಯಕ್ಕೆ ಅಂತ ನಡೆಯೋ ದೊಡ್ಡ ಹರಾಜಿಗೆ ಕೌದಿ. ಎಷ್ಟು ಕೌದಿ ಹೊಲಿದಿರಬಹುದು ಅಂದೆ. "ಎಣಿಸಿದ್ರೆ ಅದು ಹೊಲಿಗೆ ಅಲ್ಲ" ಅಂತ ಮುಖ ತಿರುಗಿಸಿದ್ರು.

ಇಷ್ಟೆಲ್ಲ ಮಾಡಿದವರಿಗೆ ಸರ್ಕಾರದ ಕಾಗದದಲ್ಲಿ ಸ್ವಂತ ಪೆನ್ಶನ್ ಇಲ್ಲ. ಸೋಶಿಯಲ್ ಸೆಕ್ಯೂರಿಟಿ ಅನ್ನೋ ಇಲ್ಲಿನ ಸರ್ಕಾರಿ ಪೆನ್ಶನ್‌ಗೆ ನಿಮ್ಮ ಹೆಸರಲ್ಲೇ 40 ಕ್ವಾರ್ಟರ್, ಅಂದ್ರೆ ಹತ್ತು ವರ್ಷದ ದುಡಿಮೆ ಕಾಣಬೇಕು. ಸ್ವಂತ ಹೊಲ ಮಾಡೋ ರೈತರನ್ನ ಅದಕ್ಕೆ ಸೇರಿಸಿದ್ದು 1955ರಿಂದ, ಆದ್ರೆ ಈ ಮನೆಯಲ್ಲೂ ಸುತ್ತಲಿನ ಮನೆಗಳಲ್ಲೂ ಹೊಲದ ಆದಾಯ ಬರೆಸಿದ್ದು ಗಂಡನ ಹೆಸರಲ್ಲಿ. ಗಂಡ ಇರೋ ತನಕ ಅವನ ಲೆಕ್ಕದ ಅರ್ಧ, ಹೋದ ಮೇಲೆ ಅವನದ್ದು ಇವರಿಗೆ. ನಮ್ಮಲ್ಲಿ ಪಹಣಿಯಲ್ಲಿ ಹೆಸರಿಲ್ಲದ ರೈತ ಹೆಂಗಸರ ಕಥೆ ಕೇಳಿ ಬೆಳೆದವಳಿಗೆ ಇದು ಹೊಸದೇನಲ್ಲ. ಚರ್ಚೂ ಅಷ್ಟೇ, ಇದನ್ನ ಸಿಹಿ ಸುತ್ತಿ ಹೇಳೋಕೆ ನಂಗಿಷ್ಟ ಇಲ್ಲ. ಆನ್ ಆಲ್‌ಬಾಕ್ ಅನ್ನೋ ಹೆಂಗಸಿಗೆ 1911ರಲ್ಲೇ ಫಿಲಡೆಲ್ಫಿಯಾದಲ್ಲಿ ಪಾದ್ರಿ ದೀಕ್ಷೆ ಕೊಟ್ಟಿದ್ರು ಅಂತ ಹೆಮ್ಮೆಯಿಂದ ಹೇಳ್ತಾರೆ, ಆಮೇಲೆ ದಶಕಗಳ ಕಾಲ ಇನ್ನೊಬ್ಬಳು ಯಾಕೆ ಬರಲಿಲ್ಲ ಅಂದ್ರೆ ಕೆಮ್ಮು ಬರುತ್ತೆ.

ಈಗ ಲೆಕ್ಕದ ಪುಸ್ತಕ. 1979ರಲ್ಲಿ ಗಂಡ ಸಾಲ ಮಾಡಿ ಪಕ್ಕದ 160 ಎಕರೆ ಕೊಂಡ. ಎಲ್ಲರೂ ಕೊಳ್ತಿದ್ರು, ಬ್ಯಾಂಕಿನವರೇ ಕರೆದು ಕೊಡ್ತಿದ್ರು. 1980ರ ಜನವರಿಯಲ್ಲಿ ಅಫ್ಘಾನಿಸ್ತಾನದ ವಿಷಯಕ್ಕೆ ರಷ್ಯಾಕ್ಕೆ ಧಾನ್ಯ ಮಾರೋದು ನಿಲ್ಲಿಸಿದ್ರು, ಬಡ್ಡಿ ಏರುತ್ತಾ ಏರುತ್ತಾ ಒಂದು ಹಂತದಲ್ಲಿ 20 ಪರ್ಸೆಂಟ್ ದಾಟಿತು, ಜಮೀನಿನ ಬೆಲೆ ಕುಸೀತು. ಸುತ್ತ ಹರಾಜಿನ ಮೇಲೆ ಹರಾಜು. ಇವರ ಮನೆ ಉಳೀತು. ಹೇಗೆ ಅನ್ನೋದಕ್ಕೆ ಮನೆಯಲ್ಲಿ ಒಂದು ಕಥೆ ಇದೆ: ಅಪ್ಪ ತನ್ನ ಅಷ್ಟೂ ದನ ಮಾರಿ ಹೊಲ ಉಳಿಸಿದ. ಮಗ ಅದನ್ನ ನಲವತ್ತು ವರ್ಷದಿಂದ ಹೇಳ್ಕೊಂಡು ಬಂದಿದಾನೆ. ಮೊಮ್ಮಗಳು ಪುಸ್ತಕ ತೆಗೆದು ನೋಡಿದ್ರೆ ಬೇರೆ ಚಿತ್ರ. 1981ರಿಂದ ಅಜ್ಜಿ ಟೌನಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಹೋಗಿದ್ರು, ಪಾಠ ಹೇಳಿದ ಕೈಲಿ ಸಾರು ಬಡಿಸೋ ಕೆಲಸ. ಐದು ವರ್ಷ ದಿನಸಿ, ಕರೆಂಟ್ ಬಿಲ್, ಮಕ್ಕಳ ಫೀಸು ಎಲ್ಲ ಆ ಸಂಬಳದ ಕಾಲಮ್ಮಲ್ಲಿ. ಮತ್ತೆ 1984ರಲ್ಲಿ ಒಂದು ಕಂತು, ದನ ಮಾರಿದ್ದು ಸಾಲದೇ ಹೋದಾಗ, ತವರಿನಿಂದ ಅಮ್ಮ ಬಿಟ್ಟು ಹೋಗಿದ್ದ ದುಡ್ಡಿಂದ ಕಟ್ಟಿದ್ದು. ಒಂದೇ ಸಾಲು, ಪೆನ್ಸಿಲಲ್ಲಿ, ಪಕ್ಕದಲ್ಲಿ ಏನೂ ಬರೆದಿಲ್ಲ. "ಹೊಲ ಉಳಿಸಿದ್ದು ಓಮಾ, ಅದನ್ನ ಚರ್ಚಲ್ಲಿ ಓದ್ಬೇಕು" ಅಂತ ಮೊಮ್ಮಗಳು. ಮಗನ ಮುಖ ಕೆಂಪಾಗಿದ್ದು ಕೋಪಕ್ಕೋ ಅವಮಾನಕ್ಕೋ ನಂಗೆ ಹೇಳೋಕಾಗಲ್ಲ.

ನಿಜ ಹೇಳ್ಬೇಕಂದ್ರೆ ನಾನು ಒಳಗೊಳಗೇ ಮೊಮ್ಮಗಳ ಪಾರ್ಟಿ. ಸೋಶಿಯಲ್ ವರ್ಕರ್ ಹಂಗಿರಬಾರದು, ಆದ್ರೂ. ನಮ್ಮಜ್ಜಿನೂ ಹಾಲಿನ ಲೆಕ್ಕನ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆದು ಇಡ್ತಿದ್ಲು, ಸುಣ್ಣ ಹೊಡೆದಾಗೆಲ್ಲ ಅಳಿಸಿ ಹೋಗ್ತಿತ್ತು, ಇಲ್ಲಿ ಪುಸ್ತಕನೇ ಇದೆಯಲ್ಲ ಅಂತ.

ಮೂರನೇ ಭೇಟಿಗೆ ನಾನೊಂದು ಡ್ರಾಫ್ಟ್ ಟೈಪ್ ಮಾಡಿಕೊಂಡು ಹೋದೆ, ಒಂದೂವರೆ ಪುಟ, ಟೀಚರ್ ಕೆಲಸ, ಅಡುಗೆಮನೆ ಕೆಲಸ, 1984ರ ಕಂತು ಎಲ್ಲ ಸೇರಿಸಿ. ಓದೋಕೆ ಕೊಡದೆ, ಚರ್ಚಲ್ಲಿ ಹೇಗೆ ಓದ್ತಾರೋ ಹಂಗೆ ನಾನೇ ಗಟ್ಟಿಯಾಗಿ ಓದಿದೆ. ಈ ಕೇಸಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು, ಅದೂ ಅಜ್ಜಿಯ ಕನ್ನಡಕ ಸಿಗದೇ ಇದ್ದಿದ್ದಕ್ಕೆ. ಕೇಳ್ತಾ ಕೇಳ್ತಾ ಅಜ್ಜಿ ಎರಡು ಕಡೆ ಕೈ ಎತ್ತಿದ್ರು. ಮೊದಲನೇದು, "ಐದು ಮಕ್ಕಳು" ಅಂತ ನಾನು ಓದಿದ ಕಡೆ. "ಆರು."

ಮಗ, ಮೊಮ್ಮಗಳು, ಫೈಲು, ಎಲ್ಲ ಐದು ಅಂತಲೇ ಹೇಳಿದ್ದು. 1957ರಲ್ಲಿ ಒಂದು ಹೆಣ್ಣು ಮಗು, ಎರಡು ದಿನ ಇತ್ತಂತೆ. ಲೇಬೆನ್ಸ್‌ಲೌಫಲ್ಲಿ ಎಲ್ಲರನ್ನೂ ಎಣಿಸ್ಬೇಕು, ಎರಡು ದಿನದ್ದಾದ್ರೂ ಎಣಿಸ್ಬೇಕು, ಅದು ಪದ್ಧತಿ. ಅವರ ಪೆನ್ಸಿಲ್ ಹಾಳೆಯಲ್ಲಿ ಆರು ಅಂತಲೇ ಇತ್ತು, ನಾನು ಮುದುಕಿ ತಪ್ಪು ಬರೆದಿದ್ದಾರೆ ಅಂತ "ಸರಿ" ಮಾಡಿದ್ದೆ. ಕೆಲಸದ ವರ್ಷ ಎಣಿಸೋ ಭರದಲ್ಲಿ ಮೂರು ಜನ ಓದಿದವರೂ ಆ ಅಂಕಿ ಮೇಲೆ ಕಣ್ಣು ನಿಲ್ಲಿಸಿರಲಿಲ್ಲ. ಮಗುವಿನ ಹೆಸರು ಹೇಳಿದ್ರು, ಇಲ್ಲಿ ಬರಿಯಲ್ಲ.

ಎರಡನೇ ಸಲ ಕೈ ಎತ್ತಿದ್ದು 1984ರ ಕಂತಿನ ಹತ್ರ. "ಇದು ತೆಗಿ." ಯಾಕೆ, ನಿಜ ತಾನೇ? "ನಿಜ. ಅವನು ದನ ಮಾರಿದ್ದೂ ನಿಜ. ದನ ಲಾರಿ ಹತ್ತಿದ ರಾತ್ರಿ ಅವನು ಊಟ ಬಿಟ್ಟು ಖಾಲಿ ಕೊಟ್ಟಿಗೆಯಲ್ಲಿ ಕೂತಿದ್ದ, ಅದು ಯಾವ ಪುಸ್ತಕದಲ್ಲೂ ಇಲ್ಲ. ನೀವು ಇದನ್ನ ಓದುವಾಗ ನಾನು ಪೆಟ್ಟಿಗೆಯಲ್ಲಿರ್ತೀನಿ, ತಿದ್ದೋಕಾಗಲ್ಲ. ಅವನು ಪಕ್ಕದ ಗುಂಡಿಯಲ್ಲಿರ್ತಾನೆ, ಅವನಿಗೂ ಮಾತಾಡೋಕಾಗಲ್ಲ. ಮಾತಾಡೋಕಾಗದವರ ಮುಂದೆ ಲೆಕ್ಕ ಓದಬಾರದು."

ಮನೆಯವರನ್ನ ಒಟ್ಟಿಗೆ ಕೂರಿಸಿದ್ದು ಅದಾದ ಎರಡು ವಾರಕ್ಕೆ. ಮಗ, ಸೊಸೆ, ಕ್ಯಾನ್ಸಸ್ ಸಿಟಿಯಿಂದ ಬಂದ ದೊಡ್ಡ ಮಗಳು, ಮೊಮ್ಮಗಳು. ನಾನು ಸಿದ್ಧ ಮಾಡಿಕೊಂಡಿದ್ದ ಪ್ರಶ್ನೆಗಳನ್ನ ಕೇಳೋ ಮೊದಲೇ ಅಜ್ಜಿ ಮೀಟಿಂಗ್ ಕೈಗೆ ತಗೊಂಡು, ಥೇಟ್ ಎಂಟು ಕ್ಲಾಸು ನಡೆಸಿದವರ ಥರ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿಬಿಟ್ರು. ಹಾಳೆ ಎರಡು ಇರುತ್ತೆ. ಒಂದು ಚರ್ಚಲ್ಲಿ ಓದೋಕೆ, ಐದು ನಿಮಿಷ ಮೀರಬಾರದು, ಯಾಕಂದ್ರೆ ಕೆಳಗೆ ಚರ್ಚಿನ ಹಾಲ್‌ನಲ್ಲಿ ಕಾಫಿ ತಣ್ಣಗಾಗುತ್ತೆ. ಇನ್ನೊಂದು ಮನೆಯೊಳಗೆ, ಅದನ್ನ ಮೊಮ್ಮಗಳು ಬರೀಲಿ, ಲೆಕ್ಕದ ಪುಸ್ತಕನೂ ಅವಳಿಗೇ, ಆದ್ರೆ ಕೊಟ್ಟಿಗೆಯ ರಾತ್ರಿನೂ ಬರೀಬೇಕು, ಅದನ್ನ ಮಗನ ಹತ್ರ ಕೇಳಿ ಬರೀಬೇಕು, ಅವನು ಆ ರಾತ್ರಿ ಅಪ್ಪನಿಗೆ ಕಾಫಿ ತಗೊಂಡು ಹೋಗಿದ್ದ. ಮಗ ಆಗ ತಲೆ ಎತ್ತಿ ನೋಡಿದ. ಅಮ್ಮನಿಗೆ ಅದು ಗೊತ್ತಿದೆ ಅಂತ ಅವನಿಗೆ ಗೊತ್ತಿರಲಿಲ್ಲ ಅನ್ಸುತ್ತೆ.

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಮೊಮ್ಮಗಳು ಹೊರಗೆ ಪಾರ್ಕಿಂಗಲ್ಲಿ ನನ್ನ ಹತ್ರ, ಇದೂ ಒಂಥರ ಬಾಯಿ ಮುಚ್ಚಿಸೋದೇ ಅಲ್ವಾ, ನಮ್ಮ ಜನ ವಿನಯ ಅಂತ ಹೆಂಗಸರಿಗೆ ಮಾತ್ರ ಹೇಳಿಕೊಟ್ಟಿದ್ದಾರೆ ಅಂತ ಅತ್ತಳು, ಅವಳ ಮಾತಲ್ಲಿ ಹುಳುಕು ಹುಡುಕೋಕೆ ನಂಗೆ ಆಗಲಿಲ್ಲ, ಈಗಲೂ ಆಗಲ್ಲ. ಅಣ್ಣನ ಕಾಗದ ಅರ್ಧ ಓದಿ ಮಡಚಿಟ್ಟ ಅಮ್ಮನ ಮಗಳೇ ಈ ಅಜ್ಜಿ. ಆದ್ರೆ ಅಮ್ಮ ಮಡಚಿದ್ದು ಬೇರೆಯವರ ಕಾಗದ, ಇವರು ಮಡಚಿದ್ದು ತಮ್ಮದು, ಮಡಚಿ ಯಾರ ಕೈಗೆ ಕೊಡ್ಬೇಕು ಅಂತಲೂ ತಾವೇ ಆರಿಸಿದ್ರು. ಅಲ್ಲಿಗೆ ನಾನು ನಿಲ್ಲಿಸಿದೆ. ನಿದ್ದೆ ವಿಷಯ, ಫೈಲಿಗೆ ಬೇಕಲ್ಲ, ಒಂದು ತಿಂಗಳಲ್ಲಿ ಮಾತ್ರೆ ಇಲ್ಲದೆ ಸುಧಾರಿಸಿತು, ಮಗ ಭಾನುವಾರದ ಜೊತೆಗೆ ಬುಧವಾರನೂ ಬರೋಕೆ ಶುರು ಮಾಡಿದ. ಕೇಸ್ ಕ್ಲೋಸ್ ಮಾಡಿದ್ದು 2023ರ ಮೇ ತಿಂಗಳಲ್ಲಿ, ಗೋಧಿ ಇನ್ನೂ ಹಸಿರಿದ್ದಾಗ. ಫೈಲಿನ ಮೊದಲ ಪುಟದಲ್ಲಿ ಉದ್ಯೋಗ ಅನ್ನೋ ಕಡೆ "ಹೋಮ್‌ಮೇಕರ್" ಅಂತಿದ್ದಿದ್ದಕ್ಕೆ ನಾನು ಮೊದಲ ವಾರ "ನಿವೃತ್ತ ಶಿಕ್ಷಕಿ" ಅಂತ ಸೇರಿಸಿದ್ದೆ, ಅಜ್ಜಿ ಅದನ್ನೂ ಹೊಡೆದು ಹಾಕಿಸಿದ್ರು, ನಿವೃತ್ತಿ ಆಗಿಲ್ಲ, ಕಳಿಸಿದ್ದು ಅಂತ.

ಓದೋ ಹಾಳೆಯ ಫೈಲು ನನ್ನ ಕಂಪ್ಯೂಟರಲ್ಲೇ ಇದೆ, ಪ್ರಿಂಟು ಅವರ ಮಂಚದ ಪಕ್ಕದ ಡ್ರಾಯರಲ್ಲಿ. ಕೇಸ್ ಮುಗಿದ್ರೂ ಅದಕ್ಕೆ ಮಾತ್ರ ಆಗಾಗ ಕರೆ ಬರುತ್ತೆ. ಹೋದ ತಿಂಗಳು ಕರೆದಿದ್ದು ಒರೆಗಾನ್‌ನಲ್ಲಿರೋ ಮೊಮ್ಮಗನಿಗೆ ಮಗು ಹುಟ್ಟಿದ್ದಕ್ಕೆ. ಮರಿಮಕ್ಕಳು ಹನ್ನೊಂದು ಅಂತಿದ್ದಿದ್ದನ್ನ ಹನ್ನೆರಡು ಮಾಡಿ, ಹೊಸ ಪ್ರಿಂಟ್ ತೆಗೆದು ಕೊಟ್ಟೆ. ಕನ್ನಡಕ ಹಾಕ್ಕೊಂಡು ಅದೊಂದೇ ಸಾಲು ಓದಿ, ಹಳೇ ಹಾಳೆಯ ಹಿಂದುಗಡೆ ಖಾಲಿ ಇದೆ, ಬಿಸಾಡಬೇಡ ಅಂತ ವಾಪಸ್ ಇಸ್ಕೊಂಡ್ರು.